ಗಾದಿಲಿಂಗಪ್ಪನವರ ಪಾಲಿನ ಗಾಳಿ

ಸಭೆಗೆ ಬಂದವರು ಉಸಿರಾಡುವ ಗಾಳಿ ಸಭೆ ಕರೆದವನದ್ದು. ಮಂಗಳ ಗ್ರಹದ ನಮ್ಮ ಹನ್ನೊಂದು ಸುರಂಗದೂರುಗಳ ಒಕ್ಕೂಟದಲ್ಲಿ ಚುನಾವಣೆಯ ಕಾನೂನಿನ ತಿರುಳು ಇಷ್ಟೇ. ಊಟಕ್ಕೆ ಕರೆದವನು ಎಲೆ ಹಾಕಿ ಬಡಿಸುವಂತೆ, ಅಧ್ಯಕ್ಷನಾಗಲು ಹೊರಟವನು ತನ್ನ ಮನೆಯ ತೊಟ್ಟಿಯಿಂದ ಗಾಳಿ ಬಿಟ್ಟು ಜನರನ್ನು ಕೂರಿಸಬೇಕು, ಹೇಳುವುದನ್ನು ಹೇಳಿ ಕಳಿಸಬೇಕು. ಇನ್ನೊಬ್ಬರಿಂದ ಒಂದು ಉಸಿರು ಈಸಿಕೊಂಡರೂ ಉಮೇದುವಾರಿಕೆ ರದ್ದು.

ಈ ಕಾನೂನನ್ನು ಬೈಯುವ ಮೊದಲು ಅದು ಯಾಕೆ ಹುಟ್ಟಿತೆಂದು ಹೇಳಬೇಕು. ಮೊದಲೆಲ್ಲ ಗಣಿ ಕಂಪನಿಯೇ ಉಮೇದುವಾರರ ಸಭೆಗಳಿಗೆ ಗಾಳಿ ತುಂಬಿಸುತ್ತಿತ್ತು. ಗೆದ್ದವನು ಐದು ವರ್ಷ ಕಂಪನಿಯ ಮುಖ ನೋಡಿಯೇ ಬಾಯಿ ತೆರೆಯುತ್ತಿದ್ದ. ನಮ್ಮ ಹಿರಿಯರು ಮುಷ್ಕರ ಹೂಡಿ, ಪೆಟ್ಟು ತಿಂದು, ಅಧ್ಯಕ್ಷನಾಗುವವನು ಸ್ವಂತ ಖರ್ಚಿನಲ್ಲೇ ನಿಲ್ಲಬೇಕೆಂಬ ಕಾನೂನು ತಂದರು. ತಂದವರು ಒಳ್ಳೆಯವರೇ. ಆದರೆ ಮೂರು ತಲೆಮಾರಿನಿಂದ ಗಾಳಿ ಕೂಡಿಟ್ಟ ಮನೆಯವರಿಗೆ ಮಾತ್ರ ಅಷ್ಟು ಸ್ವಂತದ್ದು ಇರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ, ಪಾಪ.

ನನ್ನ ಗಂಡ ಪಂಪಾಪತಿ ಗಣಿಯ ವರ್ಕ್‌ಶಾಪಿನಲ್ಲಿ ಫಿಟರ್. ಅವರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆಂದು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ, ಏಕೆಂದರೆ ಅವರು ಹೀಗೆ ದೊಡ್ಡ ದೊಡ್ಡ ಮಾತಾಡುವುದು ಹೊಸದೇನಲ್ಲ.

"ನಿಂತು ಜನಕ್ಕ ಏನ್ ಉಸಿರಾಡಿಸ್ತೀರಿ? ನಮ್ಮ ತೊಟ್ಟ್ಯಾಗ ಎಷ್ಟೈತಿ ಅಂತ ಗೊತ್ತೈತೇನು?" ಎಂದೆ.

"ಗಾಳಿಮನ್ಯಾಗ ಕೂಡಾಕಿ ನೀನು. ನೀನ ಹೇಳು. ಸಾಲತೈತೋ ಇಲ್ಲೋ?"

"ಸಾಲೂದಿಲ್ಲ."

"ಬಿಗಿ ಹಿಡದು ಖರ್ಚು ಮಾಡಿದ್ರ?"

ನಾನು ಒಳಗಿನ ಖೋಲಿಯ ಕಡೆ ನೋಡಿದೆ. ಅವರೂ ನೋಡಿದರು. ಅಲ್ಲಿ ನನ್ನ ಮಾವ ಗಾದಿಲಿಂಗಪ್ಪನವರು ಗೋಡೆಗೊರಗಿ ಕುಳಿತು ನಮ್ಮ ಮಾತು ಕೇಳುತ್ತಿದ್ದರು.

ಮಾವನದು ಕೆಂಪೆದೆ. ನಲವತ್ತು ವರ್ಷ ಡ್ರಿಲ್ ಹಿಡಿದು ಕಬ್ಬಿಣದ ಕೆಂಪು ದೂಳು ಕುಡಿದವರ ಎದೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಸುಂಯ್ ಎಂದು ಸಣ್ಣ ಸಿಳ್ಳೆ ಕೇಳುತ್ತದೆ. ಅಂಥವರಿಗೆ ದಪ್ಪಗಾಳಿ ಬೇಕು, ಎಂದರೆ ಪ್ರಾಣವಾಯು ಹೆಚ್ಚಿರುವ ಗಾಳಿ. ನೆಲದಡಿಯ ಹಿಮ ಅಗೆದು, ಕರಗಿಸಿ, ವಿದ್ಯುತ್ ಹರಿಸಿ ನೀರು ಒಡೆದರೆ ನಮಗೆ ಪ್ರಾಣವಾಯು. ವಿದ್ಯುತ್ ಎಷ್ಟೋ ಗಾಳಿ ಅಷ್ಟೇ. ದುಡಿಯುವವರಿಗೆ ದಿನಕ್ಕಿಷ್ಟು ಎಂದು ಪಾಲು. ದುಡಿಮೆ ನಿಂತ ದಿನದಿಂದ ಅರ್ಧ ಪಾಲು. ಉಳಿಸಿದ್ದು ಮನೆಯ ತೊಟ್ಟಿಗೆ ಹೋಗುತ್ತದೆ, ಮುಪ್ಪಿಗೆ, ಬಾಣಂತನಕ್ಕೆ, ಕಾಯಿಲೆಗೆ ಆಗಲೆಂದು. ತೊಟ್ಟಿ ಬರಿದಾದ ಮನೆಯವರು ಸುರಂಗದ ತಳದಲ್ಲಿರುವ ಕೆಳಸಾಲಿಗೆ ಹೋಗಬೇಕು. ಅಲ್ಲಿ ಎಲ್ಲರಿಗೂ ತೆಳುಗಾಳಿ. ಅಲ್ಲಿನವರು ಎರಡು ಮಾತಾಡಿದರೆ ನಡುವೆ ಕಾದು ಕೂರಬೇಕು, ಮೂರನೆಯದು ಬರಲು.

ನಮ್ಮ ತೊಟ್ಟಿಯಲ್ಲಿ ಉಳಿದದ್ದೆಲ್ಲ ಮಾವನ ಖೋಲಿಗೆ ಹೋಗುತ್ತಿತ್ತು. ನನ್ನ ಗಂಡ ಚುನಾವಣೆಗೆ ನಿಲ್ಲುತ್ತಿದ್ದದ್ದೂ ಅದಕ್ಕೇ. ಕೆಂಪೆದೆ ಬಂದವರಿಗೆಲ್ಲ ಸಾಯುವತನಕ ಒಕ್ಕೂಟದ ತೊಟ್ಟಿಯಿಂದ ದಪ್ಪಗಾಳಿ ಕೊಡಿಸುತ್ತೇನೆ ಎಂಬುದು ಅವರ ಒಂದೇ ಮಾತು. ಇನ್ನೊಂದು ಭರವಸೆ ಕೊಡಲು ಅವರಿಗೆ ಬರುತ್ತಲೂ ಇರಲಿಲ್ಲ.

"ನಿಲ್ಲಲಿ ಬಿಡವ್ವ," ಎಂದರು ಮಾವ ಒಳಗಿನಿಂದ. "ಒಬ್ಬರರೆ... ನಿಲ್ಲಬೇಕಲ್ಲ."

*

ನಾನು ಕೆಲಸ ಮಾಡುವ ಗಾಳಿಮನೆ ನಮ್ಮ ಊರು ಹೊಸ ಕಂಪ್ಲಿಯ ಮೇಲ್ಸಾಲಿನಲ್ಲಿದೆ. ಗೋಡೆ ತುಂಬ ಒಂದೊಂದು ತೊಟ್ಟಿಯ ಮಟ್ಟ ತೋರಿಸುವ ಮುಳ್ಳುಗಳು, ಗುಂಡಿಗಳು, ಎದುರಿಗೆ ದೊಡ್ಡ ಪಡಸಾಲೆಯನ್ನು ತೋರಿಸುವ ತೆರೆ. ಹನ್ನೊಂದೂ ಊರುಗಳಿಗೆ ಸೇರಿ ಇರುವ ಸಭಾಂಗಣ ಅದು. ಸಭೆಯಿಲ್ಲದಾಗ ಅದರ ಗಾಳಿಯನ್ನು ಎಳೆದು ಬೀಗ ಹಾಕಿರುತ್ತೇವೆ. ಉಳಿದ ಊರುಗಳಲ್ಲೂ ಇಂಥವೇ ಚಿಕ್ಕ ಪಡಸಾಲೆಗಳಿವೆ, ಕೊಳವೆಗಳು ಅಲ್ಲಿಗೂ ಹೋಗುತ್ತವೆ, ಉಮೇದುವಾರರು ಅಲ್ಲೆಲ್ಲ ಸಭೆ ಕರೆಯಬೇಕು. ಯಾರ ಸಭೆಯೋ ಅವರ ತೊಟ್ಟಿಯ ಕೊಳವೆ ತಿರುಗಿಸುವುದು, ಫ್ಯಾನು ಹಾಕುವುದು, ಜನ ಹೋದ ಮೇಲೆ ಉಳಿದದ್ದನ್ನು ಎಳೆದುಕೊಳ್ಳುವುದು ನನ್ನ ಮತ್ತು ಜೊತೆಗಾರ ಜಿಲಾನಿಯ ಕೆಲಸ.

ಇಷ್ಟೆಲ್ಲ ಯಾಕೆ, ಮನೆಮನೆಯ ತೆರೆಯಲ್ಲೇ ಭಾಷಣ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಯಾರ ಮುಖಕ್ಕೆ ಯಾರ ದನಿಯನ್ನಾದರೂ ಅಂಟಿಸಿ ಯಂತ್ರವೇ ಭಾಷಣ ಮಾಡತೊಡಗಿದ ಮೇಲೆ, ತೆರೆಯಲ್ಲಿ ಬಂದವನಿಗೆ ನಮ್ಮ ಜನ ಓಟು ಹಾಕುವುದಿಲ್ಲ. ಎದುರಿಗೆ ಬಂದು ನಿಲ್ಲಬೇಕು, ಅದೇ ಗಾಳಿ ಉಸಿರಾಡಬೇಕು.

ನಾಡಗೌಡರ ಸಭೆಯ ದಿನ ಪಡಸಾಲೆ ತುಂಬಿ ತುಳುಕಿತು. ಅಮರೇಶ ನಾಡಗೌಡರು ಆಗಿನ ಅಧ್ಯಕ್ಷರು, ನನ್ನ ಗಂಡನ ಎದುರಾಳಿ. ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಆದರೆ ಅವರ ಮನೆಯ ದೇವರ ಜಗಲಿಯಲ್ಲಿ ಹಗಲೂ ರಾತ್ರಿ ನಿಜವಾದ ಎಣ್ಣೆದೀಪ ಉರಿಯುತ್ತದೆ. ದೀಪ ತಿನ್ನುವ ಗಾಳಿಯಲ್ಲಿ ಕೆಳಸಾಲಿನ ಒಂದು ಖೋಲಿ ದಪ್ಪವಾಗುತ್ತದೆಂದು ನನಗೆ ಗೊತ್ತು. ಉಳಿದವರೆಲ್ಲ ದೇವರ ಮುಂದೆ ಸಣ್ಣ ಬಲ್ಬು ಹಾಕುತ್ತೇವೆ, ದೇವರು ಏನೂ ಅನ್ನುವುದಿಲ್ಲ.

"ನನಗೆ ಯಾರ ಹಂಗೂ ಇಲ್ಲ," ಎಂದು ನಾಡಗೌಡರು ತೆರೆಯಲ್ಲಿ ಹೇಳುತ್ತಿದ್ದರು. "ಇಲ್ಲಿ ನೀವು ಉಸಿರಾಡೋ ಗಾಳಿ ನಮ್ಮ ಅಜ್ಜ, ನಮ್ಮಪ್ಪ, ನಾನು ಉಳಿಸಿದ್ದು. ಪಂಪಾಪತಿಯವರು ಎಲ್ಲಾ ಕೆಂಪೆದೆಯವರಿಗೆ ದಪ್ಪಗಾಳಿ ಅಂತಾರ. ಬಾಳ ಚೊಲೋ ಮಾತು. ವಿದ್ಯುತ್ತು ಎಲ್ಲಿಂದ ತರ್ತಾರ? ಹುಟ್ಟೋ ಕೂಸಿನ ಪಾಲು ಕಡದು ಕೊಡ್ತಾರೇನು?"

ಜನ ಚಪ್ಪಾಳೆ ತಟ್ಟಿದರು. ದಪ್ಪಗಾಳಿ ಕುಡಿದವರ ಚಪ್ಪಾಳೆಗೆ ಜೋರು ಜಾಸ್ತಿ.

"ಅಕ್ಕ, ಇವರ ಮುಳ್ಳು ಅಲಗಾಡಿದ್ದು ಕಂಡಿಯೇನು?" ಎಂದ ಜಿಲಾನಿ, ನಾಡಗೌಡರ ತೊಟ್ಟಿಯ ಮುಳ್ಳು ತೋರಿಸಿ. ಅಲಗಾಡಿರಲಿಲ್ಲ.

ಮರುವಾರ ನನ್ನ ಗಂಡನ ಸಭೆಗೆ ನಮ್ಮ ತೊಟ್ಟಿಯ ಕೊಳವೆಯನ್ನು ನಾನೇ ತಿರುಗಿಸಿದೆ. ಅವರು ಭಾಷಣವನ್ನು ಎಷ್ಟು ಚಿಕ್ಕದು ಮಾಡಿಕೊಂಡಿದ್ದರೆಂದರೆ, ಜನ ಕುಳಿತು ಸರಿಹೋಗುವಷ್ಟರಲ್ಲಿ ಮುಗಿದೇ ಹೋಯಿತು. ಹಿಂದಿನ ಸಾಲಿನವರು ಇನ್ನೂ ಬರುತ್ತಿದ್ದರು. ಕೇಳಲು ಬಂದವರನ್ನು ಅವರೇ ಕೈಮುಗಿದು, "ಇನ್ನ ಹೋಗ್ರಿ, ನಮ್ಮ ಗಾಳಿ ಮುಗೀತೈತಿ" ಎಂದು ಕಳಿಸುತ್ತಿದ್ದರು. ಕೆಲವರು ನಕ್ಕರು. ನನಗೆ ನೆಲ ಬಿರಿದರೆ ಸಾಕೆನಿಸಿತು.

ನಮ್ಮ ಮುಳ್ಳು ಮಾತ್ರ ಚೆನ್ನಾಗಿಯೇ ಅಲಗಾಡಿತು.

*

ಇನ್ನೂ ಅರ್ಧದಷ್ಟು ಊರುಗಳ ಸಭೆ ಉಳಿದಿರುವಾಗಲೇ ತೊಟ್ಟಿ ತಳ ಕಂಡಿತು. ನನ್ನ ಗಂಡ ಟ್ರಾಲಿ ಹತ್ತಿ ಊರೂರು ತಿರುಗುತ್ತಿದ್ದರು. ನಾನು ಕೆಲಸ ಮುಗಿಸಿ ಮನೆಗೆ ಬಂದೆ. ಮಾವ ಕಂಬಳಿ ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

ನಮ್ಮ ಪ್ರತಿ ಖೋಲಿಗೂ ಒಂದು ಗಾಳಿಚಾವಿ ಇರುತ್ತದೆ. ಹಿತ್ತಾಳೆಯದು, ಬೆರಳುದ್ದ. ಖೋಲಿಯಲ್ಲಿ ಇರುವವರ ಕೊರಳಿಗೇ ಅದು. ಖೋಲಿ ಬಿಟ್ಟು ಹೋಗುವವರು ಅದನ್ನು ಮನೆಯವರ ಕೈಗಿಟ್ಟರೆ ಮುಗಿಯಿತು, ಆ ಪಾಲು ತೊಟ್ಟಿಗೆ. ಹೀಗೆ ಬಿಟ್ಟವರನ್ನು ಅವರ ಒಪ್ಪಿಗೆಯಿಲ್ಲದೆ ಯಾರೂ ವಾಪಸು ತರುವಂತಿಲ್ಲ. ಮುದುಕರನ್ನು ಮಕ್ಕಳು ಬಲವಂತದಿಂದ ಎಳೆದಾಡಬಾರದೆಂದು ಮಾಡಿದ ಕಟ್ಟಳೆ ಅದು.

ಮಾವ ಆ ಚಾವಿಯನ್ನು ನನ್ನ ಅಂಗೈಯಲ್ಲಿಟ್ಟರು.

"ಏನ್ರಿ ಮಾವಾರ ಇದು?"

"ಕೆಳಸಾಲಿಗೆ... ಹೊಂಟೀನವ್ವ."

"ಹೋಗಿ?"

"ಹೋಗಿ ಕುಂದರ್ತೀನಿ. ಅಲ್ಲಿ ನನ್ನ ಪೈಕಿ ಅವರು ಬಾಳ ಮಂದಿ ಅದಾರ." ಅವರು ಬಾಗಿಲ ಚೌಕಟ್ಟು ಹಿಡಿದು ಸಿಳ್ಳೆ ಇಳಿಯುವತನಕ ಕಾದರು. "ಪಂಪಗ ಹೇಳಬ್ಯಾಡ."

"ಹೇಳ್ತೀನಿ," ಎಂದೆ. ನಾನು ಅಂಥ ಮಾತಿಗೆಲ್ಲ ಒಪ್ಪುವವಳಲ್ಲ. ಸುಳ್ಳು ಹೇಳಿ ತ್ಯಾಗ ಕಾಯುವುದು ನನ್ನಿಂದ ಆಗದು.

"ಹೇಳು ಹಂಗಾದ್ರ. ಹೇಳಿದ್ರೂ... ನಾ ಬರೂದಿಲ್ಲ."

ಅವರನ್ನು ನಾನೇ ಕೈಹಿಡಿದು ಕೆಳಗೆ ಇಳಿಸಿದೆ. ಇಳಿಯುತ್ತ ಹೋದಂತೆ ನನ್ನ ತಲೆಯೇ ಜೋಂಪುಗಟ್ಟಿತು. ಅವರು ಮೆಟ್ಟಿಲು ಮೆಟ್ಟಿಲಿಗೂ ನಿಂತರು. ಕೆಳಸಾಲಿನ ಉದ್ದನೆಯ ಓಣಿಯಲ್ಲಿ ಎರಡೂ ಬದಿ ಕೆಂಪೆದೆಯವರು ಕುಳಿತಿದ್ದರು. ಯಾರೂ ಬಾ ಎನ್ನಲಿಲ್ಲ, ಮಾತಿಗೆ ಗಾಳಿಯಿರಲಿಲ್ಲ. ಒಬ್ಬರು ಮಾತ್ರ ಸರಿದು ಜಾಗ ಮಾಡಿಕೊಟ್ಟರು.

ಅಂದೇ ನನ್ನ ಗಂಡನಿಗೆ ಹೇಳಿ ಕಳಿಸಿದೆ. ಅವರು ಮೊದಲ ಟ್ರಾಲಿಗೆ ಬಂದರು. ಮನೆಗೆ ಬರದೆ ನೇರ ಕೆಳಸಾಲಿಗೆ ಓಡಿದರು. ನಾನು ಹಿಂದೆಯೇ ಹೋದೆ.

"ಅಪ್ಪ, ಏಳು. ಚಾವಿ ಹಾಕ್ಕೊ. ನಾ ಚುನಾವಣಿ ಬಿಡ್ತೀನಿ."

ಮಾವ ತಲೆಯೆತ್ತಲಿಲ್ಲ. "ಬಿಟ್ಟ್ರ... ಇವರಿಗೆ ಏನ್ ಹೇಳ್ತಿ?" ಎಂದು ಓಣಿಯ ಕಡೆ ಕೈ ಮಾಡಿದರು. "ನನಗ ಒಂದು ಖೋಲಿ ಇತ್ತು. ಇವರಿಗೆ ಅದೂ ಇಲ್ಲ. ಉಳದ ಊರು ಮುಗಿಸು. ಗೆದ್ದು ಬಂದು... ಇಲ್ಲೇ ದಪ್ಪಗಾಳಿ ಬಿಡು. ಇಲ್ಲೇ ಇರ್ತೀನಿ."

"ಅಲ್ಲೀತನಕ?"

"ಅಲ್ಲೀತನಕ ಹಗೂರಕ ಉಸಿರಾಡ್ತೀನಿ. ನಲವತ್ತು ವರ್ಷ ಅದನ್ನ ಮಾಡೀನಲ್ಲ."

ನನ್ನ ಗಂಡ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಅತ್ತರು. ಆಮೇಲೆ ಎದ್ದು ಮುಖ ಒರೆಸಿಕೊಂಡು ಟ್ರಾಲಿ ಹತ್ತಿದರು. ಹೋದರು. ಅವರು ಹೋಗಬಾರದಿತ್ತೆಂದು ನನಗೆ ಸಿಟ್ಟು ಬಂತು. ಹೋಗದಿದ್ದರೂ ಸಿಟ್ಟು ಬರುತ್ತಿತ್ತು. ಮನೆಗೆ ಬಂದು ಮಾವನ ಖೋಲಿಯಲ್ಲಿ ನಿಂತೆ. ಒಂದೆರಡು ದಿನದಲ್ಲಿ ಅಲ್ಲಿ ಉಳಿದಿದ್ದ ದಪ್ಪಗಾಳಿಯನ್ನೂ ತೊಟ್ಟಿಗೆ ಎಳೆಯಬೇಕಿತ್ತು. ಎಳೆದವಳು ನಾನೇ, ಇನ್ಯಾರು?

*

ನಮ್ಮ ತೊಟ್ಟಿಯ ಮುಳ್ಳು ಸ್ವಲ್ಪ ಮೇಲೆದ್ದಿತು. ಜಿಲಾನಿ ಅದನ್ನು ನೋಡಿದ, ನನ್ನನ್ನು ನೋಡಿದ. ಕಾನೂನಿನಲ್ಲಿ ಏನೂ ತಪ್ಪಿರಲಿಲ್ಲ. ಮನೆಯ ತೊಟ್ಟಿ ಮನೆಯ ಉಮೇದುವಾರನದ್ದೇ.

ದಿನವೂ ಕೆಲಸಕ್ಕೆ ಹೋಗುವ ಮೊದಲು ಕೆಳಸಾಲಿಗೆ ಇಳಿದು ಮಾವನಿಗೆ ಚಾ ಕೊಟ್ಟು ಬರುತ್ತಿದ್ದೆ. ದಿನವೂ ಅವರ ಮಾತು ಕಡಿಮೆಯಾಗುತ್ತಿತ್ತು. ತುಟಿಗೆ ನೀಲಿ ಏರುತ್ತಿತ್ತು. ಒಂದು ದಿನ ಚಾದ ಲೋಟ ಹಿಡಿದು ಬಹಳ ಹೊತ್ತು ಕುಳಿತು, ಮಾತಿಗೆ ಬೇಕಾದಷ್ಟು ಗಾಳಿ ಕೂಡಿಸಿಕೊಂಡು ಹೇಳಿದರು.

"ಹುಲಿಗೆವ್ವ. ನಾ ಸತ್ರ... ದೊಡ್ಡ ಪಡಸಾಲಿ ತೆಗೀತಾರ."

"ಬಿಡ್ರಿ ಮಾವಾರ, ಮುಂಜಾನೆದ್ದು ಎಂಥಾ ಮಾತು."

"ಕೇಳು. ಸಾವಿಗೆ ತುಂಬೋ ಗಾಳಿ... ಒಕ್ಕೂಟದ್ದು. ಪುಕ್ಕಟೆ. ಎಲ್ಲಾ ಊರವರೂ ಬರಬಹುದು. ಅವಗ ಹೇಳು, ಅಲ್ಲಿ... ಮಾತಾಡಲಿ. ಅಷ್ಟ್ ದೊಡ್ಡ ಸಭಾ... ಅವಗ ಇನ್ನೆಲ್ಲೂ ಸಿಗೂದಿಲ್ಲ."

ಸಾವಿನ ಸಭೆಯಲ್ಲಿ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಸತ್ತವರ ಆ ದಿನದ ಪಾಲು ಉಳಿದಿರುತ್ತದಲ್ಲ, ಅದನ್ನು ಪಡಸಾಲೆಗೆ ಬಿಡುತ್ತೇವೆ. ಬಂದವರೆಲ್ಲ ಅದನ್ನು ಉಸಿರಾಡುತ್ತಾರೆ. ಸತ್ತವರ ಗಾಳಿಯನ್ನು ಯಂತ್ರ ತಳ್ಳಬಾರದು, ತಾನಾಗಿ ಎಲ್ಲರ ಬಳಿ ಹೋಗಬೇಕು ಎಂದು ಅಷ್ಟು ಹೊತ್ತು ಫ್ಯಾನು ನಿಲ್ಲಿಸುತ್ತೇವೆ. ಬಹಳ ಹೊತ್ತು ನಿಲ್ಲಿಸುವಂತಿಲ್ಲ. ಬಿಟ್ಟ ಉಸಿರು ಮುಖದ ಸುತ್ತಲೇ ನಿಂತು ತಲೆ ಭಾರವಾಗುತ್ತದೆ. ಮಾತಾಡಿದರೆ ಇನ್ನೂ ಬೇಗ. ಹಾಗಾಗಿ ಮೌನ. ಅದನ್ನು ಮುರಿದವರನ್ನು ನಾನು ನೋಡಿಲ್ಲ. ಮಾವ ಅದನ್ನು ಮುರಿಯಲು ಹೇಳುತ್ತಿದ್ದರು.

"ಹೇಳ್ತೀಯಿಲ್ಲೋ?"

"ಹೇಳ್ತೀನ್ರಿ," ಎಂದೆ. ಹೇಳಿದೆ ಕೂಡ. ನನ್ನ ಗಂಡ ಕೇಳಿಸಿಕೊಂಡು ಟ್ರಾಲಿ ಹತ್ತಿದರು.

ಅವರು ಕೊನೆಯ ಊರಿನಲ್ಲಿದ್ದಾಗ, ಓಟಿಗೆ ಇನ್ನೊಂದು ವಾರವಿರುವಾಗ, ಗಾಳಿಮನೆಯ ಫೋನು ಹೊಡೆದುಕೊಂಡಿತು. ಜಿಲಾನಿ ಎತ್ತಿಕೊಂಡ. ಕೇಳಿಸಿಕೊಂಡು ಫೋನಿಟ್ಟು ಎದ್ದು ನಿಂತ.

"ಅಕ್ಕ, ನೀ ಮನಿಗೆ ಹೋಗು. ಪಡಸಾಲಿ ನಾ ತುಂಬಿಸ್ತೀನಿ."

"ನಾನ ತುಂಬಿಸ್ತೀನಿ," ಎಂದೆ. ಆ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಅಷ್ಟು ದಿನ ಆ ಮನುಷ್ಯನ ಗಾಳಿ ಎಳೆದದ್ದು ಇದೇ ಕೈ.

*

ಇಷ್ಟು ಜನ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಮಗನ ಚುನಾವಣೆಗೆಂದು ಖೋಲಿ ಬಿಟ್ಟ ಮುದುಕನ ಸುದ್ದಿ ಟ್ರಾಲಿಗಿಂತ ಮುಂಚೆ ಊರೂರು ಮುಟ್ಟಿತ್ತು. ಎಲ್ಲ ಊರುಗಳ ಕೆಳಸಾಲುಗಳಿಂದ ಕೆಂಪೆದೆಯವರು ಬಂದರು, ಒಬ್ಬರ ಹೆಗಲಿಗೆ ಒಬ್ಬರು ಕೈಹಾಕಿಕೊಂಡು. ಅವರು ಯಾರ ಸಭೆಗೂ ಬಂದವರಲ್ಲ, ಅಷ್ಟು ದೂರ ನಡೆಯುವ ಗಾಳಿ ಅವರಿಗೆ ಎಲ್ಲಿಂದ ಬರಬೇಕು? ಮೇಲ್ಸಾಲಿನವರೂ ಬಂದರು. ನಾಡಗೌಡರು ತಲೆಗೆ ಬಿಳಿವಸ್ತ್ರ ಸುತ್ತಿಕೊಂಡು, ಎಲ್ಲರಂತೆ ನೆಲದ ಮೇಲೆ ಕುಳಿತರು. ಮಾವನ ತಲೆಯ ಬಳಿ ಎಣ್ಣೆದೀಪ ಹಚ್ಚಿದ್ದರು. ನಮ್ಮಂಥ ಮನೆಯವರಿಗೆ ಆ ದೀಪ ಹುಟ್ಟಿದಾಗ ಒಮ್ಮೆ, ಸತ್ತಾಗ ಒಮ್ಮೆ.

ನನ್ನ ಗಂಡ ಹೆಣದ ಪಕ್ಕದಲ್ಲಿ ನಿಂತಿದ್ದರು. ಅವರು ಮಾತಾಡುತ್ತಾರೆಂದು ಎಲ್ಲರಿಗೂ ಅನುಮಾನವಿತ್ತು. ಮಾತಾಡಲಿ ಎಂದು ನಾನೂ ಬಯಸಿದ್ದೆ. ಸತ್ತವರು ಹೇಳಿಹೋದದ್ದು, ತಪ್ಪೇನಿಲ್ಲ ಎಂದುಕೊಂಡೆ. ಗಾಳಿಮನೆಯಿಂದ ಮಾವನ ಪಾಲನ್ನು ಬಿಟ್ಟೆ. ಫ್ಯಾನಿನ ಗುಂಡಿ ಒತ್ತಿದೆ.

ಫ್ಯಾನಿನ ಸದ್ದು ನಮಗೆ ಹುಟ್ಟಿದ ದಿನದಿಂದ ಕಿವಿಯಲ್ಲೇ ಇರುತ್ತದೆ. ಅದು ನಿಂತರೆ ಕೂಸುಗಳು ಬೆಚ್ಚಿ ಅಳುತ್ತವೆ. ಅಂದು ಅದು ನಿಂತಿತು. ನನ್ನ ಗಂಡ ಬಾಯಿ ತೆರೆಯಲಿಲ್ಲ. ಜನ ಕಾದರು. ಅವರು ಅಪ್ಪನ ಮುಖ ನೋಡುತ್ತ ನಿಂತೇ ಇದ್ದರು.

ಆಗ ಕೇಳಿಸಿತು. ಮೊದಲು ಮುಂದಿನ ಸಾಲಿನಿಂದ ಒಂದು ಸಿಳ್ಳೆ, ಸುಂಯ್ ಎಂದು. ಪಕ್ಕದಿಂದ ಇನ್ನೊಂದು. ಆಮೇಲೆ ಪಡಸಾಲೆಯ ಎಲ್ಲ ಮೂಲೆಗಳಿಂದ, ಗೋಡೆಯುದ್ದಕ್ಕೂ, ಬಾಗಿಲ ಹೊರಗಿನಿಂದಲೂ. ನೂರಾರು ಎದೆಗಳು ಒಟ್ಟಿಗೆ ಸಿಳ್ಳೆ ಹಾಕುತ್ತಿದ್ದವು. ಇಷ್ಟು ಮಂದಿ ಇದ್ದಾರೆಂದು ಮೇಲ್ಸಾಲಿನವರಿಗೆ ಗೊತ್ತೇ ಇರಲಿಲ್ಲ. ಸಭೆಗಳಲ್ಲಿ ಅವರು ಕೇಳಿದ್ದು ಭಾಷಣ, ಚಪ್ಪಾಳೆ, ಫ್ಯಾನು. ಕೆಳಸಾಲಿಗೆ ಅವರು ಇಳಿಯುವುದಿಲ್ಲ. ಒಬ್ಬ ಹುಡುಗಿ ತಾಯಿಯ ಸೆರಗು ಹಿಡಿದು ಸುತ್ತ ನೋಡುತ್ತಿದ್ದಳು. ನಾಡಗೌಡರು ತಲೆ ತಗ್ಗಿಸಿದ್ದರು. ಗಾಳಿಮನೆಯಲ್ಲಿ ನಾನು ಮೇಜಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಹೊತ್ತಾದ ಮೇಲೆ ಫ್ಯಾನು ಹಾಕಿದವನು ಜಿಲಾನಿ.

*

ಓಟು ಎಣಿಸಿದಾಗ ನನ್ನ ಗಂಡ ಗೆದ್ದಿದ್ದರು. ಅಂತರ ತೀರ ಸಣ್ಣದು, ಆದರೂ ಗೆಲುವು ಗೆಲುವೇ. ಅಂದು ಮನೆಯಲ್ಲಿ ನಾವಿಬ್ಬರೂ ಉಣ್ಣಲಿಲ್ಲ. ಮಾವನ ಖೋಲಿಯ ಬಾಗಿಲು ತೆರೆದೇ ಇತ್ತು. ಚಾವಿಯನ್ನು ನನ್ನ ಗಂಡ ತಮ್ಮ ಕೊರಳಿಗೆ ಹಾಕಿಕೊಂಡಿದ್ದರು.

"ಅಪ್ಪ ಒಂದ್ ವಾರ ತಡದಿದ್ರ," ಎಂದರು.

"ಈಗ ಅದನ್ನ ಹಿಡಕೊಂಡು ಕುಂದರಬ್ಯಾಡ್ರಿ. ನಾಳೆ ಪ್ರಮಾಣ ತಗೊಂಡು ಮೊದಲನೇ ಕೆಲಸ ಕೆಳಸಾಲಿಗೆ ಗಾಳಿ ಬಿಡ್ರಿ. ಉಳದವರರ ಬದುಕಲಿ."

ಅವರು ತಲೆಯಾಡಿಸಿದರು. ನಾನು ನೆಮ್ಮದಿಯಿಂದ ಮಲಗಿದೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೂ ಆ ಮನುಷ್ಯನ ತಲೆಯಾಡಿಸುವಿಕೆಯನ್ನು ನಂಬಿದೆನಲ್ಲ.

ಪ್ರಮಾಣವಚನಕ್ಕೆ ದೊಡ್ಡ ಪಡಸಾಲೆ ಮತ್ತೆ ತುಂಬಿತು. ಒಕ್ಕೂಟದ ಗಾಳಿ, ಹಾಗಾಗಿ ಕೆಂಪೆದೆಯವರೂ ಬಂದರು. ನಾನು ಗಾಳಿಮನೆಯಲ್ಲೇ ಇದ್ದೆ, ತೆರೆಯ ಮುಂದೆ. ಚುನಾವಣಾ ಅಧಿಕಾರಿ ಹಾಳೆ ಕೊಟ್ಟರು. ಅದರಲ್ಲಿ ಇರುವುದು ಎರಡೇ ವಾಕ್ಯ. ಈ ಪೀಠಕ್ಕಾಗಿ ಖರ್ಚಾದ ಗಾಳಿಯೆಲ್ಲ ನನ್ನದು. ಇದರಲ್ಲಿ ಇನ್ನೊಬ್ಬರ ಉಸಿರಿಲ್ಲ. ಹೇಳಿ ಕುರ್ಚಿಯಲ್ಲಿ ಕೂರಬೇಕು. ಹೇಳದವರಿಗೆ ಪೀಠವಿಲ್ಲ, ಎರಡನೆಯವರಿಗೆ ಹೋಗುತ್ತದೆ.

ನನ್ನ ಗಂಡ ಹಾಳೆ ಹಿಡಿದು ನಿಂತರು. ಬಾಯಿ ತೆರೆದರು, ಮುಚ್ಚಿದರು.

"ಓದ್ರಿ," ಎಂದರು ಅಧಿಕಾರಿ ಮೆಲ್ಲಗೆ.

ಅವರು ಕೊರಳಿನಿಂದ ಹಿತ್ತಾಳೆಯ ಚಾವಿ ತೆಗೆದು ಹಾಳೆಯ ಮೇಲಿಟ್ಟರು. "ಇದು ನಮ್ಮಪ್ಪನ ಖೋಲಿ ಚಾವಿರಿ. ಕಡೀ ಊರುಗಳ ಸಭಾ ನಡದದ್ದು ಇದರ ಮ್ಯಾಲ. ಇನ್ನೊಬ್ಬರ ಉಸಿರಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ?"

"ಕಾನೂನಿನ ಪ್ರಕಾರ ಮನಿ ತೊಟ್ಟಿ ನಿಮ್ಮದೇ. ಹೇಳಿದ್ರ ಸುಳ್ಳಾಗೂದಿಲ್ಲ."

"ಕಾನೂನಿಗೆ ಸುಳ್ಳಾಗೂದಿಲ್ಲರಿ."

"ಹೇಳ್ರಿ!" ಎಂದು ನಾನು ತೆರೆಗೆ ಕೂಗಿದೆ. ಅವರಿಗೆ ಕೇಳಿಸುವುದಿಲ್ಲವೆಂದು ಗೊತ್ತಿತ್ತು. "ಹೇಳಿಬಿಡ್ರಿ! ನಿಮ್ಮಪ್ಪ ಸತ್ತದ್ದು ನೀವು ಇದನ್ನ ಹೇಳ್ಲಿ ಅಂತ! ಒಂದ್ ಮಾತು ನುಂಗ್ರಿ, ಅಷ್ಟು ಮಂದಿ ಕಾಯಾಕತ್ತಾರ!" ಜಿಲಾನಿ ನನ್ನ ಭುಜ ಹಿಡಿದುಕೊಂಡ. ಅಂದು ನನ್ನ ಗಂಡನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಅಷ್ಟು ಅಭಿಮಾನವೂ ಬಂದಿಲ್ಲ, ಅದು ಬೇರೆ ಮಾತು. ಆ ಗಳಿಗೆಯಲ್ಲಿ ಅಭಿಮಾನದಿಂದ ಯಾರ ಎದೆಗೂ ಗಾಳಿ ಹೋಗುವಂತಿರಲಿಲ್ಲ.

ಅವರು ಹಾಳೆಯನ್ನು ವಾಪಸು ಕೊಟ್ಟು, ಚಾವಿಯನ್ನು ಮುಷ್ಟಿಯಲ್ಲಿ ಹಿಡಿದು, ಮೆಟ್ಟಿಲಿಳಿದು ಕೆಂಪೆದೆಯವರ ನಡುವೆ ಹೋಗಿ ಕುಳಿತರು. ಒಬ್ಬ ಮುದುಕ ಸರಿದು ಜಾಗ ಮಾಡಿಕೊಟ್ಟ.

ಅಧಿಕಾರಿ ನಾಡಗೌಡರ ಹೆಸರು ಕರೆದರು.

ನಾಡಗೌಡರು ಎದ್ದು ಬಂದರು. ಅವರ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಹಾಳೆ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಅಭ್ಯಾಸವಿದ್ದ ದನಿಯಲ್ಲಿ ಓದತೊಡಗಿದರು. "ಈ ಪೀಠಕ್ಕಾಗಿ ಖರ್ಚಾದ ಗಾಳಿಯೆಲ್ಲ..."

ಅವರ ಅಜ್ಜನ ಕಾಲದಲ್ಲಿ ಗಣಿಯ ಮೇಸ್ತ್ರಿಗಿರಿ ಆ ಮನೆಯದು. ಡ್ರಿಲ್ಲಿನವರು ತಪ್ಪು ಮಾಡಿದಾಗಲೆಲ್ಲ ಪಾಲಿನಲ್ಲಿ ಕಡಿದದ್ದು ಆ ತೊಟ್ಟಿಗೆ ಹೋಗುತ್ತಿತ್ತು. ಅದನ್ನು ಗಾಳಿಮನೆಯ ನಾವೆಲ್ಲ ಬಲ್ಲೆವು. ಕಾನೂನಿನ ಪ್ರಕಾರ ಅದೂ ಸ್ವಂತದ್ದೇ.

ನನ್ನ ಕೈ ತಾನಾಗಿ ಹೋಯಿತು ಎಂದರೆ ಸುಳ್ಳಾದೀತು. ನಾನೇ ಚಾಚಿದೆ. ಫ್ಯಾನಿನ ಗುಂಡಿ ಒತ್ತಿದೆ.

ಪಡಸಾಲೆಯಲ್ಲಿ ಸದ್ದು ನಿಂತಿತು. ಓದುತ್ತಿದ್ದ ನಾಡಗೌಡರೂ ನಿಂತರು. ಜನ ಮೇಲೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ, ಸಾವಿನ ಸಭೆಯಲ್ಲಿ ಮಾಡುವಂತೆ, ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಸುಮ್ಮನೆ ಕುಳಿತರು. ಕೆಳಗಿನಿಂದ ಸಿಳ್ಳೆಗಳು ಏಳತೊಡಗಿದವು.

"ಅಕ್ಕ," ಎಂದ ಜಿಲಾನಿ. "ನಿನ್ನ ಕೆಲಸ ಹೋಗತೈತಿ."

"ಹೋಗಲಿ."

"ಬಾಳ ಹೊತ್ತು ನಿಲ್ಲಿಸೂ ಹಂಗಿಲ್ಲ."

"ಗೊತ್ತೈತಿ. ಮುಳ್ಳು ನೋಡ್ಕೋತ ಇರು, ಕೆಂಪು ಗೆರಿಗೆ ಬಂದ್ರ ಹೇಳು."

ಅವನು ಮುಳ್ಳಿನ ಮುಂದೆ ಹೋಗಿ ನಿಂತ. ಫೋನು ಹೊಡೆದುಕೊಂಡಿತು. ಎತ್ತಿಕೊಂಡೆ. ಚುನಾವಣಾ ಕಚೇರಿಯವರು ಅರಚುತ್ತಿದ್ದರು, "ಗಾಳಿಮನಿ? ಫ್ಯಾನ್ ಯಾಕ ನಿಲ್ಲಿಸೀರಿ? ಯಾರ ಸತ್ತಾರ? ಯಾರ ಹೆಸರಿನ್ಯಾಗ ನಿಲ್ಲಿಸೀರಿ?"

"ಗಾದಿಲಿಂಗಪ್ಪನವರ ಹೆಸರಿನ್ಯಾಗ," ಎಂದೆ.

"ಅವರದು ಮೊನ್ನೇನ ಮುಗದೈತಲ್ಲ!"

"ಇಲ್ಲರಿ," ಎಂದೆ. "ಇನ್ನೂ ಮುಗದಿಲ್ಲ."

ಫೋನನ್ನು ಕೈಯಲ್ಲೇ ಹಿಡಿದು ತೆರೆ ನೋಡಿದೆ. ಸಿಳ್ಳೆ ಪಡಸಾಲೆಯ ತುಂಬ ತುಂಬಿತ್ತು. ನಾಡಗೌಡರು ಮುಂದಿನ ಪದಕ್ಕೆಂದು ಬಾಯಿ ತೆರೆದರು. ನನ್ನದು ಎಂಬ ಪದ ಅದು. ತೆರೆದ ಬಾಯಿ ಹಾಗೆಯೇ ಇತ್ತು. ಅವರ ಕಣ್ಣು ಮುಂದಿನ ಸಾಲಿನ ಮುದುಕರ ಮೇಲಿಂದ ಹಿಂದಿನ ಸಾಲಿಗೆ, ಅಲ್ಲಿಂದ ಬಾಗಿಲಿಗೆ ಹೋಗಿ ಮರಳಿ ಬಂತು.

ಆಮೇಲೆ ಅವರು ಕನ್ನಡಕ ತೆಗೆದು, ಹಾಳೆಯನ್ನು ಕೆಳಗಿಳಿಸಿದರು.